ಆರು ಲಕ್ಷ ಸಾಲ ಮಾಡಿ ತೋಟಗಾರಿಕೆ ಪದವಿ ಓದಿಸಬಹುದೇ?

ಪ್ರಶ್ನೆ: ನಮಗೆ ಹಾನಗಲ್ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ, ಒಂದೂವರೆ ಎಕರೆ ಮಾವು ಇದೆ. ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ, ಬಿ.ಎಸ್ಸಿ ತೋಟಗಾರಿಕೆಯೇ ಬೇಕು ಅಂತಾಳೆ. ಸಿಇಟಿ ರ‍್ಯಾಂಕ್ ಬಹಳ ಹಿಂದಿದೆ. ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದು ಫೀ, ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ ಕೇಳುತ್ತಿದೆ. ಆರು ಲಕ್ಷ ಬ್ಯಾಂಕ್ ಸಾಲ ಮಾಡಬೇಕಾಗುತ್ತದೆ. ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಉತ್ತರ: ಕೆಲಸ ಸಿಗುತ್ತದೆ. ಆದರೆ ಆ ಸಾಲದ ಕಂತು ಕಟ್ಟಿ ಬದುಕುವಷ್ಟು ಸಂಬಳ ಮೊದಲ ಎರಡು ಮೂರು ವರ್ಷ ಸಿಗುವುದು ಕಷ್ಟ. ಲೆಕ್ಕ ನೋಡಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದು, ಓದು ಮುಗಿದ ಮೇಲೆ ಒಂದು ವರ್ಷ ಬಿಟ್ಟು ಕಂತು ಶುರು ಮಾಡಿದಿರಿ ಎನ್ನಿ. ಶೇ 10ರ ಸರಳ ಬಡ್ಡಿಯಲ್ಲೂ ಅಷ್ಟರೊಳಗೆ 2.1 ಲಕ್ಷ ಬಡ್ಡಿ ಏರಿರುತ್ತದೆ. ಬಾಕಿ 8.1 ಲಕ್ಷ. ಅದೇ ಬಡ್ಡಿಯಲ್ಲಿ ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 13,450 ರೂಪಾಯಿ. ನರ್ಸರಿಯಲ್ಲೋ ಬೀಜದ ಕಂಪನಿಯಲ್ಲೋ ತಿಂಗಳಿಗೆ 20 ಸಾವಿರದ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ, ಊಟ, ಬಾಡಿಗೆಗೆ ಉಳಿಯುವುದು ಆರೂವರೆ ಸಾವಿರ. ಮಗಳಿಗೆ ಆಗದಿದ್ದರೆ ಕಂತು ನಿಮ್ಮ ಅಡಿಕೆಯ ಮೇಲೆ ಬರುತ್ತದೆ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಆದರೆ ಸಂಸ್ಥೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನಂಥ ಮಾನ್ಯತೆ ಇರಬೇಕು. ಸಾಲದ ಅರ್ಜಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಇದನ್ನು ಕೇಳಿ ಬರೆಸಿಕೊಳ್ಳಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ನೀವು ಹೇಳಿದ ರ‍್ಯಾಂಕ್ ಸಾಮಾನ್ಯ ಪಟ್ಟಿಯದೋ, ಕೃಷಿಕರ ಕೋಟಾದ್ದೋ? ರೈತರ ಮಕ್ಕಳಿಗೆ ಕೃಷಿ, ತೋಟಗಾರಿಕೆ ಪದವಿಗಳಲ್ಲಿ ಪ್ರತ್ಯೇಕ ಸೀಟುಗಳಿವೆ. ಇದಕ್ಕೆ ಸಿಇಟಿ ಅರ್ಜಿಯಲ್ಲೇ ಕೋಟಾ ನಮೂದಿಸಬೇಕು, ತಹಶೀಲ್ದಾರರಿಂದ ವ್ಯವಸಾಯಗಾರರ ಪ್ರಮಾಣಪತ್ರ ನಿಗದಿತ ನಮೂನೆಯಲ್ಲೇ ತರಬೇಕು, ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಆ ಪರೀಕ್ಷೆಯಲ್ಲಿ ಬೀಜ, ಕಾಳು, ಗೊಬ್ಬರ, ಕಳೆ, ಉಪಕರಣ ಗುರುತಿಸಬೇಕು. ತೋಟದಲ್ಲಿ ಕೈಯಾಡಿಸಿ ಬೆಳೆದ ಮಕ್ಕಳಿಗೆ ಇಲ್ಲಿ ಅಂಕ ಬರುತ್ತದೆ, ರ‍್ಯಾಂಕ್ ಮೇಲೇರುತ್ತದೆ. ಅರ್ಜಿ ಹಾಕುವಾಗ ಕಾಲಂ ತುಂಬದೆ, ಇಲ್ಲವೇ ನಮೂನೆ ತಪ್ಪಿ ಸೀಟು ಕಳೆದುಕೊಳ್ಳುವವರು ಇದ್ದಾರೆ, ಅದು ನಿಜಕ್ಕೂ ಸಂಕಟದ ಸಂಗತಿ. ನಿಮ್ಮ ಮಗಳಿಗೂ ಹಾಗಾಗಿದ್ದರೆ ಒಂದು ವರ್ಷ ಮತ್ತೆ ಓದಿ ಕೋಟಾದಲ್ಲಿ ಬರೆಯುವುದು ಆರು ಲಕ್ಷ ಸಾಲಕ್ಕಿಂತ ಎಷ್ಟೋ ಮೇಲು. ಜೊತೆಗೆ ಅಖಿಲ ಭಾರತ ಪ್ರವೇಶ ಪರೀಕ್ಷೆಯಾದ ಸಿಯುಇಟಿಯನ್ನೂ ಬರೆಯಲಿ. ಅದರ ಮೂಲಕ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಪಾಲಿನ ಸೀಟುಗಳು ದೇಶದ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತವೆ.

ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳು ಅರಭಾವಿ, ಶಿರಸಿ, ಬೀದರ್, ಕೋಲಾರ, ಮೈಸೂರು, ಬೆಂಗಳೂರಿನಲ್ಲೂ ಇವೆ. ಮೂಡಿಗೆರೆಯದು ಶಿವಮೊಗ್ಗದ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಿಮ್ಮೂರಿಗೆ ಶಿರಸಿ ಹತ್ತಿರ, ಅಡಿಕೆ ಸೀಮೆಯೂ ಹೌದು. ಸರ್ಕಾರಿ ಸೀಟಾದರೂ ಫೀ ಒಂದನ್ನೇ ನೋಡಬೇಡಿ. ಮೆಸ್ ಬಿಲ್ಲು, ಶೈಕ್ಷಣಿಕ ಪ್ರವಾಸ, ಲ್ಯಾಪ್‌ಟಾಪ್, ಕೊನೆಯ ವರ್ಷ ಹಳ್ಳಿಯಲ್ಲಿದ್ದು ಮಾಡುವ ಗ್ರಾಮೀಣ ಕಾರ್ಯಾನುಭವ, ಇವಕ್ಕೂ ದುಡ್ಡು ತೆಗೆದಿಡಿ. ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಿಂದ ವರ್ಷಕ್ಕೆ ಕೆಲವು ಸಾವಿರ ಬರುತ್ತದೆ, ಬಿಡಬೇಡಿ.

ಖಾಸಗಿ ಕಾಲೇಜೇ ಆಗಬೇಕೆಂದರೆ ಮೊದಲು ಐಸಿಎಆರ್ ಮಾನ್ಯತೆ ಇದೆಯೇ, ಅದು ಯಾವ ವರ್ಷದವರೆಗಿದೆ ನೋಡಿ. ಮಾನ್ಯತೆ ಇಲ್ಲದ ಪದವಿಗೆ ಮುಂದೆ ಐಸಿಎಆರ್ ಎಂ.ಎಸ್ಸಿ ಸೀಟು, ಉನ್ನತ ಓದಿನ ವಿದ್ಯಾರ್ಥಿವೇತನವಾದ ಜೆಆರ್‌ಎಫ್ ಬಾಗಿಲು ಮುಚ್ಚುತ್ತದೆ. ಆಮೇಲೆ ಅವರ ತೋಟ ನೋಡಿ. ಕಸಿ ಕಟ್ಟಲು ಮಾವಿನ ಬುಡಸಸಿ ಎಷ್ಟಿವೆ, ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ನಲ್ಲಿ ಈಗ ಬೆಳೆ ಇದೆಯೇ, ಅಂಗಾಂಶ ಕೃಷಿ (ಟಿಶ್ಯೂ ಕಲ್ಚರ್) ಪ್ರಯೋಗಾಲಯಕ್ಕೆ ವಿದ್ಯಾರ್ಥಿಗಳನ್ನು ಬಿಡುತ್ತಾರೆಯೇ ಕೇಳಿ. ಖಾಲಿ ಪಾಲಿಹೌಸ್ ತೋರಿಸುವ ಕಾಲೇಜಿಗೆ ಎಂಟು ಲಕ್ಷ ಕೊಡಬೇಡಿ.

ಇನ್ನು ಕೆಲಸ. ತೋಟಗಾರಿಕೆ ಇಲಾಖೆಯ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಕೃಷಿ ಅಧಿಕಾರಿ ಹುದ್ದೆಗಳಿಗೆ ಮುಖ್ಯವಾಗಿ ಕೇಳುವುದು ಬಿ.ಎಸ್ಸಿ ಕೃಷಿ ಪದವಿ, ಇದು ಅನೇಕರಿಗೆ ತಡವಾಗಿ ತಿಳಿಯುತ್ತದೆ. ನಾನು ಹೆಚ್ಚು ಒತ್ತಿ ಹೇಳುವುದು ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಯನ್ನು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆ, ವಯಸ್ಸು 20ರಿಂದ 30, ಆರಂಭದ ಮೂಲ ವೇತನವೇ 48,480 ರೂಪಾಯಿ. ತೋಟಗಾರಿಕೆ ಪದವೀಧರರು ಅರ್ಹರು. ಬೆಳೆಯ ವಿಷಯ ಚೆನ್ನಾಗಿ ಬಲ್ಲವರೂ ಪೂರ್ವಭಾವಿ ಪರೀಕ್ಷೆಯ ಇಂಗ್ಲಿಷ್, ಗಣಿತ, ತಾರ್ಕಿಕ ಪ್ರಶ್ನೆಗಳಲ್ಲೇ ಉದುರುತ್ತಾರೆ. ಅದಕ್ಕೆ ಮೂರನೇ ವರ್ಷದಿಂದಲೇ ದಿನಕ್ಕೊಂದು ಗಂಟೆ ತಯಾರಿ ಬೇಕು.

ಖಾಸಗಿಯಲ್ಲಿ ರಾಣೆಬೆನ್ನೂರು ಸುತ್ತಿನ ತರಕಾರಿ ಬೀಜೋತ್ಪಾದನೆ, ಬೆಂಗಳೂರು–ಹೊಸೂರಿನ ಹೂವಿನ ಪಾಲಿಹೌಸ್‌ಗಳು, ಅಂಗಾಂಶ ಕೃಷಿ ಪ್ರಯೋಗಾಲಯ, ಹನಿ ನೀರಾವರಿ ಕಂಪನಿಗಳಿವೆ. ಮಾರಾಟದ ಹುದ್ದೆಯಾದರೆ ಟಾರ್ಗೆಟ್ ಇರುತ್ತದೆ, ದ್ವಿಚಕ್ರ ವಾಹನದ ಲೈಸೆನ್ಸ್ ಬೇಕೇಬೇಕು. ಒಂದು ಕೈಕಸುಬು, ಉದಾಹರಣೆಗೆ ಹನಿ ನೀರಾವರಿ ವಿನ್ಯಾಸವನ್ನೋ ಬೀಜ ಪರೀಕ್ಷೆಯನ್ನೋ ಚೆನ್ನಾಗಿ ಕಲಿತವರಿಗೆ ಸಂಬಳ ಬೇಗ ಏರುತ್ತದೆ.

ನನ್ನ ಸಲಹೆ ಇಷ್ಟು: ಸರ್ಕಾರಿ ಸೀಟು ಸಿಕ್ಕರೆ ಕಣ್ಣುಮುಚ್ಚಿ ಸೇರಿಸಿ. ಖಾಸಗಿಯಾದರೆ ಒಟ್ಟು ಸಾಲ ಮೂರು ಲಕ್ಷ ದಾಟದಿರಲಿ.

ಪ್ರಶ್ನೆ: ಸ್ವಂತ ನರ್ಸರಿ ಮಾಡುವ ಆಸೆ. ಪದವಿ ಬೇಕೇ ಬೇಕೆ?

ಉತ್ತರ: ಬೇಕಿಲ್ಲ. ಎಸ್ಸೆಸ್ಸೆಲ್ಸಿ ಆದವರಿಗೆ ತೋಟಗಾರಿಕೆ ಇಲಾಖೆಯ 10 ತಿಂಗಳ ತರಬೇತಿ ಇದೆ, ಶಿಷ್ಯವೇತನವನ್ನೂ ಕೊಡುತ್ತಾರೆ. ಕನ್ನಡ ಮಾಧ್ಯಮದ ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಡಿಪ್ಲೊಮಾ ಅಥವಾ ಪದವಿ ಇದ್ದರೆ ಕೃಷಿ ಉದ್ಯಮಕ್ಕೆ ನೆರವಾಗುವ ಕೇಂದ್ರದ ಅಗ್ರಿ ಕ್ಲಿನಿಕ್ ಯೋಜನೆಯಡಿ 45 ದಿನದ ಉಚಿತ ತರಬೇತಿ ಪಡೆದು, ಒಬ್ಬರಿಗೆ 20 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ ಕೇಳಬಹುದು. ಸಬ್ಸಿಡಿ ಶೇ 36, ಮಹಿಳೆಯರಿಗೆ ಹಾಗೂ ಪರಿಶಿಷ್ಟರಿಗೆ ಶೇ 44. ಆ ಹಣ ಕೈಗೆ ಬರುವುದಿಲ್ಲ, ಸಾಲದ ಲೆಕ್ಕಕ್ಕೆ ಹೊಂದಿಕೆಯಾಗುತ್ತದೆ. ಅದರ ಭರವಸೆಯಲ್ಲಿ ನೆರಳು ಪರದೆಗೆ ಮುಂಗಡ ಕೊಟ್ಟುಬಿಡಬೇಡಿ.