ದವಾಖಾನೆಯವರು ಹಳೆಯ ಫೈಲ್ ಕೊಡಲ್ಲ ಅಂದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಂತೆ: ಊರು ಶಹಾಪುರ. ತಾಯಿಗೆ ಎರಡು ವರ್ಷದ ಹಿಂದೆ ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ (ಹೃದಯದ ಕಟ್ಟಿಕೊಂಡ ರಕ್ತನಾಳ ತೆರೆದು) ಸ್ಟೆಂಟ್ ಹಾಕಿದ್ದಾರೆ. ಈಗ ಹೈದರಾಬಾದಿನ ಡಾಕ್ಟರು ಹಳೆಯ ಆಂಜಿಯೋ ಸಿಡಿ, ಸ್ಟೆಂಟ್ ವಿವರ ತನ್ನಿ ಅಂದಿದ್ದಾರೆ. ಇಲ್ಲಿ ಕೌಂಟರಿನವರು "ಆ ಡಾಕ್ಟ್ರು ಬಿಟ್ಟು ಹೋಗ್ಯಾರ್ರಿ, ಫೈಲ್ ಹೊರಗ ಕೊಡಕ್ಕ ಬರಂಗಿಲ್ಲ, ಡಿಸ್ಚಾರ್ಜ್ ಕಾರ್ಡ್ ಕೊಟ್ಟೀವಲ್ಲ" ಅಂದು ಕಳಿಸಿದ್ದಾರೆ. ಅವರು ಕೊಡಲೇಬೇಕಾ ಅಂತ ಕೇಳಿದ್ದೀರಿ.

ಕೊಡಲೇಬೇಕು. ಮೂಲ ಫೈಲನ್ನು ದವಾಖಾನೆ ತನ್ನಲ್ಲೇ ಇಟ್ಟುಕೊಳ್ಳಬಹುದು, ಆದರೆ ಅದರ ಪ್ರತಿ ಪಡೆಯುವ ಹಕ್ಕು ರೋಗಿಯದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯಲ್ಲಿ ಇದಕ್ಕೆಂದೇ ಎರಡು ನಿಯಮಗಳಿವೆ. 1.3.1ರ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. 1.3.2ರ ಪ್ರಕಾರ ರೋಗಿ, ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಒದಗಿಸಬೇಕು. ನಿರಾಕರಿಸಿದರೆ ಅದು ವೃತ್ತಿ ದುರ್ನಡತೆ ಎಂದು ಅದೇ ನಿಯಮಾವಳಿಯ 7.2 ಹೇಳುತ್ತದೆ. 2023ರ ಆಗಸ್ಟಿನಲ್ಲಿ ಇದರ ಬದಲಿಗೆ ಹೊಸ ನಿಯಮಗಳು ಬಂದವು, ಅದೇ ತಿಂಗಳಲ್ಲಿ ಅವನ್ನು ತಡೆಹಿಡಿದು 2002ರವನ್ನೇ ಮುಂದುವರಿಸಿದರು. ಹಾಗಾಗಿ "ರೂಲ್ ಬದಲಾಗಿದೆ" ಎಂದು ಯಾರಾದರೂ ಹೇಳಿದರೆ ಗಲಿಬಿಲಿಯಾಗಬೇಡಿ. "ಇದು ಗೌಪ್ಯ" ಎನ್ನುವ ನೆಪವೂ ನಡೆಯುವುದಿಲ್ಲ. ಗೌಪ್ಯತೆ ಇರುವುದು ಮೂರನೆಯವರಿಂದ ರೋಗಿಯನ್ನು ಕಾಪಾಡಲು. ರೋಗಿಯೇ ಕೇಳಿದಾಗ ಅದನ್ನು ಅಡ್ಡ ತರುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1996ರಲ್ಲೇ ಹೇಳಿದೆ. ಡಾಕ್ಟರು ಬಿಟ್ಟು ಹೋದರೂ ಫೈಲ್ ರೆಕಾರ್ಡ್ ರೂಮಿನಲ್ಲೇ ಇರುತ್ತದೆ, ಅವರ ಜೊತೆ ಹೋಗುವುದಿಲ್ಲ.

ನಿಮಗೆ ಎರಡು ವರ್ಷ ಕಳೆದಿದೆ. ಮೂರು ತುಂಬಿದ ಮೇಲೆ "ಹಳೆಯದು ತೆಗೆದು ಹಾಕಿದ್ದೇವೆ" ಅಂದರೆ ಈ ನಿಯಮ ನಿಮ್ಮ ಕೈ ಹಿಡಿಯುವುದು ಕಷ್ಟ. ಆದ್ದರಿಂದ ಈ ವಾರವೇ ಕೇಳಿ.

ಬಹಳ ಮಂದಿ ಸೋಲುವುದು ಕೇಳುವ ರೀತಿಯಲ್ಲಿ. ಕೌಂಟರಿಗೆ ಹೋಗಿ ಬಾಯಿಮಾತಿನಲ್ಲಿ "ಫೈಲ್ ಕೊಡ್ರಿ" ಅಂದರೆ ಅಲ್ಲಿ ಕೂತವರಿಗೆ ಮೂಲ ಫೈಲೇ ಕೇಳುತ್ತಿದ್ದಾರೆ ಅನ್ನಿಸುತ್ತದೆ. ಇಲ್ಲ ಅನ್ನುತ್ತಾರೆ, ನೀವು ಕೇಳಿದ್ದಕ್ಕೆ ಪುರಾವೆಯೂ ಉಳಿಯುವುದಿಲ್ಲ. 72 ಗಂಟೆಯ ಲೆಕ್ಕಕ್ಕೆ ಬರಹದ ಅರ್ಜಿ ಬೇಕು. ಹೀಗೆ ಬರೆಯಿರಿ:

"ಗೆ, ವೈದ್ಯಕೀಯ ಅಧೀಕ್ಷಕರು, (ದವಾಖಾನೆಯ ಹೆಸರು), ಕಲಬುರಗಿ. ವಿಷಯ: ಒಳರೋಗಿ ದಾಖಲೆಗಳ ದೃಢೀಕೃತ ಪ್ರತಿ ಕೋರಿ. ನಾನು (ತಾಯಿಯ ಹೆಸರು), ಐಪಿ (ಒಳರೋಗಿ) ನಂಬರ್ ಇಷ್ಟು, ಈ ತಾರೀಖಿನಿಂದ ಈ ತಾರೀಖಿನವರೆಗೆ ನಿಮ್ಮಲ್ಲಿ ದಾಖಲಾಗಿದ್ದೆ. 2002ರ ವೃತ್ತಿ ನಡವಳಿಕೆ ನಿಯಮಾವಳಿಯ 1.3.2ರಂತೆ ಈ ಕೆಳಗಿನ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ಕೋರುತ್ತೇನೆ. ಪ್ರತಿಗಳ ಖರ್ಚು ಕಟ್ಟುತ್ತೇನೆ. ನನ್ನ ಪರವಾಗಿ ಪಡೆದುಕೊಳ್ಳಲು ನನ್ನ ಮಗ (ಹೆಸರು) ಇವರಿಗೆ ಅಧಿಕಾರ ಕೊಟ್ಟಿದ್ದೇನೆ."

ಸಹಿ ತಾಯಿಯದೇ ಇರಲಿ. ಹೆಬ್ಬೆಟ್ಟು ಒತ್ತುವವರಾದರೆ ಪಕ್ಕದಲ್ಲಿ ಒಬ್ಬ ಸಾಕ್ಷಿಯ ಸಹಿ, ಹೆಸರು, ಊರು ಹಾಕಿಸಿ. ಇಬ್ಬರ ಆಧಾರ್ ಝೆರಾಕ್ಸ್ ಲಗತ್ತಿಸಿ. ಮಗ ತನ್ನ ಹೆಸರಿನಲ್ಲೇ ಅರ್ಜಿ ಕೊಟ್ಟರೆ "ರೋಗಿ ನೀವಲ್ಲ" ಎಂದು ವಾಪಸ್ ಕಳಿಸುತ್ತಾರೆ, ಆ ಮಾತು ಸರಿಯೂ ಹೌದು. ರೋಗಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಜೊತೆ ವಾರಸುದಾರರೆಂದು ತೋರಿಸುವ ಕಾಗದ ಬೇಕು, ವಂಶವೃಕ್ಷ ಇದ್ದರೆ ಒಳ್ಳೆಯದು.

ಐಪಿ ನಂಬರ್ ಡಿಸ್ಚಾರ್ಜ್ ಕಾರ್ಡಿನ ಮೇಲೂ ಬಿಲ್ಲಿನ ಮೇಲೂ ಇರುತ್ತದೆ. ಅದಿಲ್ಲದೆ ಹೆಸರಿನಿಂದ ಹುಡುಕಿಸಲು ಹೋಗಬೇಡಿ. ನಮ್ಮ ಕಡೆಯ ಶರಣಮ್ಮ, ಶಾಂತಾಬಾಯಿ ಎಂಬ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಿನಲ್ಲಿ ಬರೆದಿರುತ್ತಾರೆ. ಆಧಾರಿನದು ಒಂದು, ಫೈಲಿನದು ಇನ್ನೊಂದು.

ಅರ್ಜಿಯಲ್ಲಿ "ಎಲ್ಲ ದಾಖಲೆ" ಎಂದಷ್ಟೇ ಬರೆದರೆ ಅದೇ ಡಿಸ್ಚಾರ್ಜ್ ಕಾರ್ಡಿನ ಇನ್ನೊಂದು ಪ್ರತಿ ಕೈಗೆ ಬರುತ್ತದೆ. ಡಿಸ್ಚಾರ್ಜ್ ಕಾರ್ಡ್ ಬರೀ ಸಾರಾಂಶ. ನಿಮಗೆ ಬೇಕಾದ್ದು ಇನ್‌ಡೋರ್ ಕೇಸ್ ಪೇಪರ್, ಅಂದರೆ ಒಳರೋಗಿಯ ಪೂರ್ತಿ ಫೈಲ್. ಇನ್ಶೂರೆನ್ಸ್ ಕಂಪನಿಗಳು ಇದನ್ನೇ ಕೇಳುವುದರಿಂದ ರೆಕಾರ್ಡ್ ರೂಮಿನವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಬಿಡಿಸಿ ಬರೆಯಿರಿ: ಅಡ್ಮಿಷನ್ ಹಾಳೆ, ಡಾಕ್ಟರ ದಿನವಹಿ ಟಿಪ್ಪಣಿ, ನರ್ಸಿಂಗ್ ಚಾರ್ಟ್, ಔಷಧ ಚಾರ್ಟ್, ಆಂಜಿಯೋಗ್ರಾಂ ಮತ್ತು ಆಂಜಿಯೋಪ್ಲಾಸ್ಟಿ ರಿಪೋರ್ಟ್, ಇಸಿಜಿ, ಎಕೋ, ರಕ್ತ ಪರೀಕ್ಷೆಗಳು, ಒಪ್ಪಿಗೆ ಪತ್ರಗಳು, ಸ್ಟೆಂಟ್ ಸ್ಟಿಕ್ಕರ್ ಅಂಟಿಸಿದ ಹಾಳೆ, ಆಂಜಿಯೋ ಸಿಡಿ.

ಹೈದರಾಬಾದಿನ ಡಾಕ್ಟರು ಸುಮ್ಮನೆ ಕೇಳುತ್ತಿಲ್ಲ. ಸ್ಟೆಂಟ್ ಯಾವ ರಕ್ತನಾಳದಲ್ಲಿದೆ, ಎಷ್ಟು ಮಿಲಿಮೀಟರ್ ಅಗಲ, ಎಷ್ಟು ಉದ್ದ, ಔಷಧ ಲೇಪಿತವೋ ಅಲ್ಲವೋ, ಯಾವ ದಿನ ಹಾಕಿದ್ದು ಎಂಬುದರ ಮೇಲೆಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಎಷ್ಟು ದಿನ ಬೇಕು, ಬೇರೆ ಆಪರೇಷನ್ ಬಂದರೆ ಅದನ್ನು ನಿಲ್ಲಿಸಬಹುದೋ ಎಂಬ ತೀರ್ಮಾನ ನಿಂತಿರುತ್ತದೆ. ಅಂದಾಜಿನ ಮೇಲೆ ಮಾಡುವ ಕೆಲಸ ಇದಲ್ಲ.

ಅರ್ಜಿ ಕೊಡುವ ಮೊದಲು ಮನೆಯಲ್ಲಿರುವ ಬಿಲ್ ತೆಗೆದು ನೋಡಿ. 2017ರ ಫೆಬ್ರವರಿಯಲ್ಲಿ ಸ್ಟೆಂಟ್ ಬೆಲೆಗೆ ಮಿತಿ ಹಾಕಿದಾಗ, ದವಾಖಾನೆಗಳು ಬಿಲ್ಲಿನಲ್ಲಿ ಸ್ಟೆಂಟಿನ ದರವನ್ನು ಬೇರೆಯಾಗಿ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ನಂಬರ್ ಸಮೇತ ನಮೂದಿಸಬೇಕೆಂದು ಆದೇಶವಾಯಿತು. ಅರ್ಧ ಉತ್ತರ ನಿಮ್ಮ ಟ್ರಂಕಿನಲ್ಲೇ ಇರಬಹುದು. ಆಯುಷ್ಮಾನ್ ಕಾರ್ಡ್ ಅಥವಾ ಇನ್ಶೂರೆನ್ಸ್ ಮೇಲೆ ಚಿಕಿತ್ಸೆಯಾಗಿದ್ದರೆ ಕ್ಲೇಮಿಗಾಗಿ ದವಾಖಾನೆ ಕಾಗದಗಳನ್ನು ಕಳಿಸಿರುತ್ತದೆ. "ನಮ್ಮಲ್ಲಿ ಏನೂ ಇಲ್ಲ" ಅಂದಾಗ ಈ ಮಾತು ನೆನಪಿಸಿ.

ಸಿಡಿ ವಿಷಯದಲ್ಲಿ ಎಚ್ಚರ. ಅದರೊಳಗಿನದು ಸಾಮಾನ್ಯ ವಿಡಿಯೋ ಅಲ್ಲ, ಡೈಕಾಮ್ ಎಂಬ ರೂಪ. ಸ್ಕ್ರೀನನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಯಾಪ್ ಮಾಡಿದರೆ ಹೃದಯದ ಡಾಕ್ಟರಿಗೆ ಹೆಚ್ಚು ಉಪಯೋಗವಿಲ್ಲ. ಪೆನ್ ಡ್ರೈವಿಗೆ ಹಾಕುವಾಗ ಇಡೀ ಫೋಲ್ಡರನ್ನು ಇದ್ದಂತೆಯೇ ನಕಲು ಮಾಡಿ, ಒಂದೆರಡು ಫೈಲ್ ಮಾತ್ರ ಎತ್ತಿದರೆ ತೆರೆಯದಿರಬಹುದು. ತೆಗೆದುಕೊಂಡ ಜಾಗದಲ್ಲೇ ಕಂಪ್ಯೂಟರಿಗೆ ಹಾಕಿಸಿ, ತಾಯಿಯ ಹೆಸರು, ತಾರೀಖು ನೋಡಿಕೊಂಡೇ ಹೊರಬನ್ನಿ. ಖಾಲಿ ಸಿಡಿ ಹಿಡಿದು ಹೈದರಾಬಾದ್ ತಲುಪಿದವರಿಗೆ ಒಂದು ದಿನದ ದುಡಿಮೆ, ಹೋಗಿ ಬರುವ ಖರ್ಚು ಎರಡೂ ನಷ್ಟ.

ಅರ್ಜಿ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಖು, ವೇಳೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳ ಬೇಡ, ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಝೆರಾಕ್ಸ್ ಖರ್ಚು ಕೇಳಿದರೆ ಕೊಟ್ಟು ರಸೀದಿ ಪಡೆಯಿರಿ. ಪುಟಗಳಿಗೆ ನಂಬರ್, ಪ್ರತಿ ಪುಟಕ್ಕೂ ಸೀಲು ಇರಬೇಕು. ಹಾಗಿಲ್ಲದಿದ್ದರೆ ನಡುವಿನ ಹಾಳೆ ಇಲ್ಲದ್ದು ನಿಮಗೆ ಗೊತ್ತೇ ಆಗುವುದಿಲ್ಲ.

72 ಗಂಟೆ ದಾಟಿದರೆ ದೂರು ಜಿಲ್ಲಾ ಆರೋಗ್ಯಾಧಿಕಾರಿಗೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ, ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ನೀವು ಯಾದಗಿರಿ ಜಿಲ್ಲೆಯವರಾದರೂ ದವಾಖಾನೆ ಕಲಬುರಗಿಯದು, ಆದ್ದರಿಂದ ದೂರು ಕಲಬುರಗಿಗೇ ಹೋಗಬೇಕು. ಡಾಕ್ಟರ ವಿರುದ್ಧದ ದೂರಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಆದರೆ ನನ್ನ ಮಟ್ಟಿಗೆ ಆರೋಗ್ಯಾಧಿಕಾರಿಯ ದಾರಿಯೇ ಮೊದಲು, ಏಕೆಂದರೆ ನಿಮಗೆ ಬೇಕಾದ್ದು ಕಾಗದ, ಶಿಕ್ಷೆಯಲ್ಲ. ಗ್ರಾಹಕ ಆಯೋಗ ಕೊನೆಯ ಮೆಟ್ಟಿಲು. 2019ರ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾವೆ ಹಾಕಬಹುದು, ಅಂದರೆ ನಿಮಗೆ ಯಾದಗಿರಿಯಲ್ಲೇ ಸಾಧ್ಯ. ಸೊಲ್ಲಾಪುರ, ಹೈದರಾಬಾದಿನಲ್ಲಿ ಚಿಕಿತ್ಸೆ ಪಡೆದ ಬೀದರಿನವರಿಗೂ ಇದು ಅನ್ವಯಿಸುತ್ತದೆ. ದಾವೆ ಹಾಕಲು 2 ವರ್ಷದ ಕಾಲಮಿತಿ ಇದೆ ಎಂಬುದು ನೆನಪಿರಲಿ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂತಹ ಸರ್ಕಾರಿ ದವಾಖಾನೆಯಲ್ಲಾದರೆ ಮೊದಲು ಇದೇ ಅರ್ಜಿಯನ್ನು ಅಧೀಕ್ಷಕರ ಟಪಾಲಿಗೆ ಕೊಡಿ. ಆಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು, ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಈ ಕಾರಣಕ್ಕೂ ಅರ್ಜಿ ತಿರಸ್ಕಾರವಾಗಬಹುದು.

ಇನ್ನು ಹೊರರೋಗಿ ಚೀಟಿ. ಮೂರು ವರ್ಷದ ನಿಯಮ ಒಳರೋಗಿಗಳಿಗೆ ಮಾತ್ರ. ಕ್ಲಿನಿಕ್ಕಿನ ಡಾಕ್ಟರು ಬರೆದು ಕೊಟ್ಟ ಚೀಟಿಗೆ ಅವರಲ್ಲಿ ಪ್ರತಿಯೇ ಇಲ್ಲದಿರಬಹುದು. ನಿಮ್ಮ ಕೈಯಲ್ಲಿರುವುದೇ ದಾಖಲೆ, ಔಷಧದ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಮಾಡಿಸಿದರೂ ಹಳೆಯ ಕಾಗದ ತಾನಾಗಿ ಅದರಲ್ಲಿ ಬರುವುದಿಲ್ಲ, ನೀವೇ ಸ್ಕ್ಯಾನ್ ಮಾಡಿ ಆ್ಯಪಿಗೆ ಏರಿಸಬೇಕು.

ಇಸಿಜಿ ಹಾಳೆಯನ್ನು ಮಾತ್ರ ಲ್ಯಾಮಿನೇಷನ್ ಮಾಡಿಸಬೇಡಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಯಂತ್ರದೊಳಗೇ ಹಾಳಾಗುತ್ತದೆ. ಹಾಗೇ ಇಟ್ಟರೂ ಗೆರೆಗಳು ಮಾಸುತ್ತವೆ, ಅದಕ್ಕೇ ಬಂದ ದಿನವೇ ಝೆರಾಕ್ಸ್ ಮಾಡಿಸಿ. ಸಿಟಿ, ಎಕ್ಸ್‌ರೇ ಫಿಲ್ಮುಗಳನ್ನು ನಮ್ಮ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಅಟ್ಟದ ಮೇಲೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು.

ಹೈದರಾಬಾದಿನ ಅಪಾಯಿಂಟ್‌ಮೆಂಟ್ ಈ ವಾರವೇ ಇದ್ದರೆ ಅದನ್ನು ಮುಂದೂಡಬೇಡಿ. ಡಿಸ್ಚಾರ್ಜ್ ಕಾರ್ಡ್, ಬಿಲ್, ಇರುವ ಇಸಿಜಿಗಳು, ಈಗ ನುಂಗುತ್ತಿರುವ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳು, ಸೀಲು ಬಿದ್ದ ಅರ್ಜಿಯ ಪ್ರತಿ ಒಯ್ಯಿರಿ. ಅಲ್ಲಿಯ ಡಾಕ್ಟರು ತಮ್ಮ ಲೆಟರ್‌ಹೆಡ್ ಮೇಲೆ "ಆಂಜಿಯೋ ಸಿಡಿ ಅಗತ್ಯವಿದೆ" ಎಂದು ಎರಡು ಸಾಲು ಬರೆದುಕೊಟ್ಟರೆ ಕಲಬುರಗಿಯ ಅರ್ಜಿಗೆ ಲಗತ್ತಿಸಿ. ಅಷ್ಟರವರೆಗೆ ಯಾರು ಏನೇ ಹೇಳಿದರೂ, ಡಾಕ್ಟರನ್ನು ಕೇಳದೆ ತಾಯಿಯ ಹೃದಯದ ಗುಳಿಗೆ ನಿಲ್ಲಿಸಬೇಡಿ.