ಬೀಗ ಹಾಕಿದ ಕೋಣೆಯ ಮಂಚ: ಒಂದು ಆಪ್ತಸಲಹೆ ಪ್ರಕರಣ

ಮೈಸೂರಿನ ಒಂಟಿಕೊಪ್ಪಲಿನ ಕಡೆಯಿಂದ ನನ್ನಲ್ಲಿಗೆ ಬಂದ, ಅರವತ್ತರ ಆಸುಪಾಸಿನ ಗೃಹಿಣಿಯೊಬ್ಬರನ್ನು ಇಲ್ಲಿ ಶಾರದಮ್ಮ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ; ಉಳಿದದ್ದನ್ನು ಬರೆಯಲು ಅವರ ಒಪ್ಪಿಗೆಯಿದೆ. ಅವರನ್ನು ಕರೆತಂದವರು ಬೆಂಗಳೂರಿನಲ್ಲಿರುವ ಮಗಳು. ತಂದೆ ತೀರಿಕೊಂಡು ಹದಿಮೂರು ತಿಂಗಳಾದರೂ ಅಮ್ಮ ಮಲಗುವ ಕೋಣೆಗೆ ಬೀಗ ಹಾಕಿ, ನಡುಮನೆಯಲ್ಲಿ ಚಾಪೆಯ ಮೇಲೆ ಮಲಗುತ್ತಾರೆ, ಒಳಗಿರುವ ಸಾಗುವಾನಿ ಮಂಚವನ್ನು ಮಾರಲು ಬಿಡುವುದಿಲ್ಲ, ಬಳಸಲೂ ಒಲ್ಲರು ಎಂಬುದು ಮಗಳ ಅಳಲಾಗಿತ್ತು.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ನಿದ್ರೆ, ಹಸಿವು, ಬದುಕು ಸಾಕೆನಿಸುವ ಯೋಚನೆ ಇವುಗಳನ್ನೆಲ್ಲ ವಿಚಾರಿಸಿ, ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸಿದೆ. 27ಕ್ಕೆ 11 ಬಂತು, ಅಂದರೆ ಮಧ್ಯಮ ಮಟ್ಟ; ಸಾಯುವ ಯೋಚನೆ ಇರಲಿಲ್ಲ. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಲು ವೈದ್ಯರಿಗೆ ಚೀಟಿ ಬರೆದೆ. ಇಷ್ಟರವರೆಗೆ ಸರಿಯಾಗಿಯೇ ಇತ್ತು. ಆದರೆ ಹೊರಡುವ ಹೊತ್ತಿಗೆ, "ಮಂಚ ಬಿಚ್ಚಿಸಿ ಬೆಂಚೋ ಕಪಾಟೋ ಮಾಡಿಸಿದರೆ ಹಳೆಯದಕ್ಕೆ ಹೊಸ ಬಾಳು ಬಂದಂತಾಗುತ್ತದೆ, ನಿಮಗೂ ಹಗುರವಾಗಬಹುದು" ಎಂದುಬಿಟ್ಟೆ. ಅವರು "ನೋಡೋಣ ಮೇಡಂ" ಎಂದರು. ನಮ್ಮ ಕಡೆ "ನೋಡೋಣ" ಎಂದರೆ ಬಹುಪಾಲು "ಆಗುವುದಿಲ್ಲ" ಎಂಬುದರ ಮರ್ಯಾದೆಯ ರೂಪ ಎಂಬುದನ್ನು ಇಷ್ಟು ವರ್ಷ ಈ ಕೆಲಸ ಮಾಡಿದ ನಾನು ಮರೆಯಬಾರದಿತ್ತು. ಮುಂದಿನ ಭೇಟಿಗೆ ಅವರು ಬರಲಿಲ್ಲ.

ಒಂದು ತಿಂಗಳ ಬಳಿಕ ಒಬ್ಬರೇ ಬಂದರು. ಈ ಬಾರಿ ನಾನು ಸಲಹೆ ಕೊಡದೆ, ಆ ಮಂಚದ ಕತೆ ಹೇಳಿ ಎಂದಷ್ಟೇ ಕೇಳಿದೆ. ಮದುವೆಯಾದ ನಾಲ್ಕನೆಯ ವರ್ಷ ಮಾಡಿಸಿದ್ದಂತೆ. ಉತ್ತರಕ್ರಿಯೆಯ ಹೊತ್ತಿನಲ್ಲಿ ಶಯ್ಯಾದಾನಕ್ಕೆಂದು ಅಂಗಡಿಯಿಂದ ಹೊಸ ಸಣ್ಣ ಮಂಚ, ಹಾಸಿಗೆ, ದಿಂಬು ತಂದು ಕೊಟ್ಟರು. ಯಜಮಾನರು ಮಲಗಿದ್ದ ಮಂಚ ಹಾಗೆಯೇ ಉಳಿಯಿತು. "ಅವರು ಮಲಗದ ಮಂಚ ದಾನಕ್ಕೆ ಹೋಯಿತು, ಮಲಗಿದ್ದು ನನಗೆ ಬಿತ್ತು" ಎಂದು ನಕ್ಕರು. ಆ ನಗೆಯ ಬೆನ್ನಿಗೇ ವಿಷಯ ಹೊರಬಂತು.

ಪಾರ್ಶ್ವವಾಯು ಬಡಿದು ಎಂಟು ತಿಂಗಳು ಹಾಸಿಗೆ ಹಿಡಿದಿದ್ದ ಪತಿಗೆ ಬೆನ್ನುಹುಣ್ಣು ಆಗದಿರಲೆಂದು ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತಿದ್ದರು. ಕೊನೆಯ ರಾತ್ರಿ ಎರಡು ಗಂಟೆಗೆ ಹೊರಳಿಸಿ ಪಕ್ಕದಲ್ಲೇ ಒರಗಿದವರಿಗೆ ಎಚ್ಚರವಾದದ್ದು ಐದೂವರೆಗೆ. ಅಷ್ಟರಲ್ಲಿ ಮೈ ತಣ್ಣಗಾಗಿತ್ತು. ಇದನ್ನು ಅವರು ಮಗಳಿಗೂ ಹೇಳಿರಲಿಲ್ಲ. ಮನೆಯವರೆಲ್ಲ ನೆನಪಿನ ಮೋಹವೆಂದು ತಿಳಿದದ್ದು ತಪ್ಪಿತಸ್ಥ ಭಾವವಾಗಿತ್ತು. ಅದಿನ್ನೂ ಒಳಗಿರುವಾಗ ಮಂಚಕ್ಕೆ ಉಳಿ ಹಾಕಿಸಿದ್ದರೆ, ಸಾಕ್ಷಿಯನ್ನು ಅಳಿಸಿದ ಇನ್ನೊಂದು ತಪ್ಪು ಅವರ ಲೆಕ್ಕಕ್ಕೆ ಸೇರುತ್ತಿತ್ತೇ ಹೊರತು ಭಾರ ಇಳಿಯುತ್ತಿರಲಿಲ್ಲ.

"ನಿಮ್ಮದೇನೂ ತಪ್ಪಿಲ್ಲ" ಎಂದು ನಾನು ಹೇಳಲಿಲ್ಲ, ಏಕೆಂದರೆ ಹೇಳಲು ನಾನು ವೈದ್ಯೆಯಲ್ಲ. ಅಂತಹ ಸಮಾಧಾನ ಬಾಗಿಲ ಹೊರಗೇ ನಿಲ್ಲುತ್ತದೆ. ಬದಲಿಗೆ ಎರಡು ಕೆಲಸ ಕೊಟ್ಟೆ. ಚಿಕಿತ್ಸೆ ಮಾಡಿದ ವೈದ್ಯರನ್ನೇ ಕಂಡು, ಆ ರಾತ್ರಿ ಎಚ್ಚರವಿದ್ದಿದ್ದರೆ ಏನಾಗುತ್ತಿತ್ತು ಎಂದು ನೇರವಾಗಿ ಕೇಳಿ ಬರುವುದು ಒಂದು. ಎಂಟು ತಿಂಗಳಲ್ಲಿ ಎಷ್ಟು ರಾತ್ರಿ, ರಾತ್ರಿಗೆ ಎಷ್ಟು ಸಲ ಎದ್ದಿರಬಹುದೆಂದು ಲೆಕ್ಕ ಹಾಕಿ ಬರೆದು ತರುವುದು ಇನ್ನೊಂದು. ಮಗ್ಗುಲು ಬದಲಿಸುವುದು ಚರ್ಮವನ್ನು ಕಾಯುವುದಕ್ಕೆ, ಎರಡನೆಯ ಸಲದ ಪಾರ್ಶ್ವವಾಯುವನ್ನು ಅದು ತಡೆಯುವುದಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದರು. ಲೆಕ್ಕದ ಚೀಟಿಯಲ್ಲಿ 240 ರಾತ್ರಿ, ರಾತ್ರಿಗೆ ನಾಲ್ಕು ಸಲದಂತೆ 960 ಎಂದಿತ್ತು. ಆ ಅಂಕಿಯನ್ನು ನೋಡುತ್ತಾ ಅವರು ಬಹಳ ಹೊತ್ತು ಮಾತಾಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯ ಪ್ರಕಾರ ತೀವ್ರ ದುಃಖ ಆರು ತಿಂಗಳು ದಾಟಿ, ಆ ಸಮಾಜದ ರೂಢಿಯನ್ನೂ ಮೀರಿ ದಿನದ ಬದುಕನ್ನು ಕೆಡಿಸಿದರೆ ಅದನ್ನು ದೀರ್ಘಕಾಲೀನ ದುಃಖದ ತೊಂದರೆ ಎಂದು ಪರಿಗಣಿಸಬಹುದು. ಶಾರದಮ್ಮನವರು ಅಡುಗೆ ಮಾಡುತ್ತಿದ್ದರು, ದೇವರಾಜ ಮಾರುಕಟ್ಟೆಗೆ ಹೋಗಿಬರುತ್ತಿದ್ದರು. ಕೆಟ್ಟಿದ್ದುದು ನಿದ್ರೆ ಮತ್ತು ಆ ಒಂದು ಕೋಣೆ. ಆದ್ದರಿಂದ ನಾನು ಹೆಸರು ಹಚ್ಚುವ ಗೊಡವೆಗೆ ಹೋಗದೆ, ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಮಂಡಿಸಿದ ವಿಚಾರವನ್ನು ಆಧಾರವಾಗಿಟ್ಟುಕೊಂಡೆ: ಅಗಲಿಕೆಯ ದುಃಖಕ್ಕೂ ಮುಂದಿನ ಬದುಕಿನ ಕೆಲಸಗಳಿಗೂ ನಡುವೆ ಮನಸ್ಸು ಹೋಗಿ ಬರುತ್ತಿರಬೇಕು, ಒಂದೇ ಕಡೆ ಕೂತುಬಿಡಬಾರದು.

ಕೊಟ್ಟ ಸಲಹೆ ಹೀಗಿತ್ತು. ಮೊದಲ ವಾರ ಬೀಗ ತೆಗೆದು ದಿನಕ್ಕೆ ಹತ್ತು ನಿಮಿಷ ಹೊಸ್ತಿಲಲ್ಲಿ ನಿಲ್ಲುವುದು; ಆಮೇಲೆ ಕಿಟಕಿ ತೆರೆದು ಗುಡಿಸುವುದು; ಆಮೇಲೆ ಮಂಚದ ಅಂಚಿನಲ್ಲಿ ಕೂರುವುದು. ಎದೆ ಹಿಂಡಿದರೂ ನಿಗದಿತ ಹೊತ್ತು ಮುಗಿಯುವವರೆಗೆ ಅಲ್ಲೇ ಇರಬೇಕು, ಹೊತ್ತು ಮೀರಿ ಇರಬಾರದು. ಆ ರಾತ್ರಿಯ ಸಂಗತಿಯನ್ನು ಮಗಳಿಗೆ ತಾವೇ ಹೇಳಬೇಕು. ಅಪರಾತ್ರಿಯಲ್ಲಿ ಸಂಕಟ ಮೇಲೆದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕು, ಅಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಮಾತಾಡುತ್ತಾರೆ. ಮಂಚದ ಬಗ್ಗೆ ಮಾತ್ರ ಮೂರು ತಿಂಗಳು ಯಾವ ತೀರ್ಮಾನವೂ ಬೇಡ ಎಂದೆ.

ಮೂರು ತಿಂಗಳಾಗುವ ಮೊದಲೇ ಮರಗೆಲಸದ ಆಚಾರ್ರನ್ನು ಕರೆಸಿದವರು ಅವರೇ. ಆಚಾರ್ರು ಮಂಚವನ್ನು ತಟ್ಟಿ ನೋಡಿ, "ಕಾಲು ಹೋಗಿದೆ ಅಮ್ಮ, ಮೈ ಗಟ್ಟಿಗಿದೆ" ಎಂದರಂತೆ. ಅಡಿಯ ಅಗ್ಗದ ಮರದ ಹಲಗೆಗಳಿಗೆ ಕುಟ್ಟೆ ಹುಳ ಹತ್ತಿ ಹಿಟ್ಟಿನಂತೆ ಪುಡಿ ಉದುರುತ್ತಿತ್ತು. ತಲೆದೆಸೆಯ ಹಲಗೆಗೂ ಪಕ್ಕದ ಪಟ್ಟಿಗಳಿಗೂ ಏನೂ ಆಗಿರಲಿಲ್ಲ. ಅವುಗಳಿಂದ ಜಗಲಿಗೆ ಒರಗುಬೆಂಚು ಮಾಡುವುದೆಂದಾಯಿತು. ಉಜ್ಜುವ ಕೆಲಸವನ್ನು ಶಾರದಮ್ಮನವರು ತಾವೇ ಕೇಳಿ ಪಡೆದರು: 80ನೆಯ ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 120, ಕೊನೆಗೆ 220, ಎಲ್ಲವೂ ಮರದ ಎಳೆಯ ಗುಂಟವೇ.

ತಲೆದೆಸೆಯ ಹಲಗೆಯ ಮೇಲಂಚಿನಲ್ಲಿ, ಮಾತ್ರೆಗೆಂದು ರಾತ್ರಿ ಬಿಸಿನೀರಿನ ಲೋಟ ಇಡುತ್ತಿದ್ದ ಕಡೆ, ಒಂದರ ಮೇಲೊಂದು ಬಿಳಿ ಉಂಗುರಗಳಿದ್ದವು. ಎಂಟು ತಿಂಗಳ ಆ ಗುರುತನ್ನು ಅವರು ಉಳಿಸಿಕೊಳ್ಳುತ್ತಾರೆಂದು ನಾನು ಊಹಿಸಿದ್ದೆ. "ಆಳಕ್ಕೆ ಇಳಿದಿರುತ್ತದೆ ಅಂದುಕೊಂಡು ಹೆದರಿಕೊಂಡೇ ಉಜ್ಜಿದೆ ಮೇಡಂ. ನಾಲ್ಕು ಸಲ ಕೈಯಾಡಿಸುವುದರೊಳಗೆ ಹೋಯಿತು, ಮರಕ್ಕೇನೂ ಆಗಿರಲಿಲ್ಲ" ಎಂದರು. ಅರಗಿನ ಪಾಲಿಶ್ ಬಿಸಿಗೂ ತೇವಕ್ಕೂ ಮೇಲ್ಪದರದಲ್ಲಿ ಬೆಳ್ಳಗಾಗುತ್ತದೆ, ಅಷ್ಟೇ. ಇದಕ್ಕೆ ಅರ್ಥ ಕಟ್ಟಿ ಹೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಮೊದಲ ಭೇಟಿಯ ನೆನಪಾಗಿ ಸುಮ್ಮನಾದೆ.

ಈಗ ಅವರು ಅದೇ ಕೋಣೆಯಲ್ಲಿ ಒಂಟಿ ಮಂಚ ಹಾಕಿಕೊಂಡು ವಾರಕ್ಕೆ ನಾಲ್ಕೈದು ರಾತ್ರಿ ಮಲಗುತ್ತಾರೆ, ಉಳಿದ ರಾತ್ರಿ ನಡುಮನೆಯೇ. ಪ್ರಶ್ನಾವಳಿಯ ಅಂಕ 5ಕ್ಕೆ ಇಳಿದಿದೆ. ಹುಳ ಹತ್ತದೆ ಉಳಿದ ಮೂರು ಹಲಗೆಗಳು ಅಟ್ಟದಲ್ಲಿವೆ; ನವರಾತ್ರಿಯಲ್ಲಿ ಗೊಂಬೆ ಕೂರಿಸಲು ಮೆಟ್ಟಿಲಿಗಾಗುತ್ತವೆ ಎಂದು ಮಗಳು ಹೇಳಿದ್ದಕ್ಕೆ "ನೋಡೋಣ" ಎಂದಿದ್ದಾರೆ. ಬೆಂಚಿನ ಮೇಲೆ ಯಾರು ಕೂರುತ್ತಾರೆ ಎಂದು ಕೇಳಿದೆ. ಸಿಲಿಂಡರ್ ತರುವ ಹುಡುಗ ನೀರು ಕುಡಿಯಲು ಕೂರುತ್ತಾನಂತೆ, ಸಂಜೆ ಎದುರುಮನೆಯವರು ಬರುತ್ತಾರಂತೆ. "ಒಂದು ಕಾಲು ಸ್ವಲ್ಪ ಅಲ್ಲಾಡುತ್ತೆ, ರಟ್ಟು ಮಡಚಿ ಕೊಟ್ಟಿದ್ದೀನಿ. ಆಚಾರ್ರಿಗೆ ಫೋನ್ ಮಾಡಬೇಕು" ಎಂದು ಚೀಲ ಎತ್ತಿಕೊಂಡರು.