ಅಮೆರಿಕದ ಹಳೆಯ ಇಂಗ್ಲಿಷ್ ವಸಾಹತುಗಳಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅಷ್ಟೊಂದು ವ್ಯತ್ಯಾಸ ಯಾಕಿತ್ತು?

ಎರಡೂ ಕಡೆ ಆಳಿದ್ದು ಇಂಗ್ಲೆಂಡೇ. ಆದರೆ ಬಂದವರ ಉದ್ದೇಶ ಬೇರೆ, ಸಿಕ್ಕ ಮಣ್ಣೂ ಬೇರೆ.

1607ರಲ್ಲಿ ದಕ್ಷಿಣದ ವರ್ಜೀನಿಯಾದ ಜೇಮ್ಸ್‌ಟೌನ್‌ಗೆ ಬಂದವರಿಗೆ ದುಡ್ಡು ಮಾಡಬೇಕಿತ್ತು. ಚಿನ್ನ ಸಿಗಲಿಲ್ಲ, ಹೊಗೆಸೊಪ್ಪು ಕೈಹಿಡಿಯಿತು. ಅದಕ್ಕೆ ಜಮೀನೂ ಜಾಸ್ತಿ ಬೇಕು, ಆಳೂ ಜಾಸ್ತಿ ಬೇಕು. ಮೊದಮೊದಲು ಇಂಗ್ಲೆಂಡಿನ ಬಡವರು ಕರಾರಿನ ಮೇಲೆ ದುಡಿದರು. 1619ರಲ್ಲಿ ಆಫ್ರಿಕನ್ನರನ್ನು ತಂದು ಮಾರಿದರು. ಮುಂದೆ ಅಲ್ಲಿನ ಬೇಸಾಯ ನಿಂತಿದ್ದೇ ಗುಲಾಮರ ಬೆವರಿನ ಮೇಲೆ. ತೋಟಗಳು ನದಿಯುದ್ದಕ್ಕೂ ಚದುರಿದ್ದರಿಂದ ಊರುಗಳು ಅಷ್ಟಾಗಿ ಬೆಳೆಯಲಿಲ್ಲ.

ಉತ್ತರದ ನ್ಯೂ ಇಂಗ್ಲೆಂಡ್‌ಗೆ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಚರ್ಚ್ ಇನ್ನೂ ಶುದ್ಧವಾಗಬೇಕು ಎನ್ನುತ್ತಿದ್ದ ಕಟ್ಟಾ ಕ್ರೈಸ್ತರು, ಹೆಂಡತಿ ಮಕ್ಕಳ ಸಮೇತ ಬಂದರು. ಕಲ್ಲುನೆಲ, ಉದ್ದನೆಯ ಚಳಿಗಾಲ. ಹಾಗಾಗಿ ಸಣ್ಣ ಹೊಲ, ಮೀನುಗಾರಿಕೆ, ಹಡಗು ಕಟ್ಟುವ ಕೆಲಸ. ಎಲ್ಲರೂ ಬೈಬಲ್ ಓದಬೇಕಲ್ವಾ? 50 ಮನೆಗಳಿರುವ ಊರಿಗೆ ಮೇಷ್ಟ್ರು ಇರಲೇಬೇಕೆಂದು ಅಲ್ಲಿನ ಮ್ಯಾಸಚೂಸೆಟ್ಸ್ ವಸಾಹತು 1647ರಲ್ಲಿ ಕಾನೂನು ಮಾಡಿತು. ಹಾಗಂತ ಇವರೇನೂ ಸಾಧುಗಳಲ್ಲ. ಕೆರಿಬಿಯನ್ನಿನ ಗುಲಾಮರ ಕಬ್ಬಿನ ತೋಟಗಳಿಗೆ ಮೀನು ಮಾರಿ ಕಾಸು ಮಾಡಿದವರೇ.